ಯಂತ್ರದ ಬುದ್ಧಿಯೂ ಮಾನವನ ಬೆಲೆಯೂ

ಸೃಷ್ಟಿಯ ಸಮಸ್ತ ಜೀವಿಗಳಲ್ಲಿ ಮಾನವನೇ ಶ್ರೇಷ್ಠನೆಂಬ ಮಾತು ಬಹು ಹಳೆಯದು. ಅವನಿಗೆ ಆನೆಯ ಬಲವಿಲ್ಲ, ಜಿಂಕೆಯ ವೇಗವಿಲ್ಲ, ಹದ್ದಿನ ದೃಷ್ಟಿಯಿಲ್ಲ. ಆದರೂ ಇವೆಲ್ಲವುಗಳ ಮೇಲೆ ಅವನು ಒಡೆತನವನ್ನು ಪಡೆದದ್ದು ಬುದ್ಧಿಬಲದಿಂದ. ಆದಕಾರಣ ಬುದ್ಧಿಯೇ ತನ್ನ ಹಿರಿಮೆಯ ತಳಹದಿಯೆಂದು ಅವನು ನಂಬಿಕೊಂಡು ಬಂದಿದ್ದಾನೆ. ತನ್ನ ತೋಳಿಗಿಂತ ಬಲವಾದ ಯಂತ್ರವನ್ನು ಕಟ್ಟಿದಾಗ ಅವನು ಹೆಮ್ಮೆಪಟ್ಟನೇ ಹೊರತು ಅಂಜಲಿಲ್ಲ. ತನ್ನ ಕಾಲಿಗಿಂತ ವೇಗವಾದ ವಾಹನವನ್ನು ಮಾಡಿದಾಗ ಸಂತೋಷಿಸಿದನೇ ಹೊರತು ಕುಗ್ಗಲಿಲ್ಲ. ಯಂತ್ರ ದುಡಿಯುವಂಥದು, ತಾನು ಯೋಚಿಸುವವನು ಎಂಬ ಭರವಸೆ ಅವನಿಗಿದ್ದಿತು. ಆ ಭರವಸೆ ಇಂದು ಅಲುಗಾಡುತ್ತಿದೆ. ಯಂತ್ರವೂ ಯೋಚಿಸುವಂತೆ ತೋರುತ್ತಿದೆ. ಕೆಲವು ವಿಷಯಗಳಲ್ಲಿ ಮಾನವನಿಗಿಂತ ಮಿಗಿಲಾಗಿಯೇ ಫಲವನ್ನು ತೋರಿಸುತ್ತಿದೆ. ಈ ಕೃತಕ ಬುದ್ಧಿಮತ್ತೆಯು ಮುಂದೊಂದು ದಿನ ಎಲ್ಲ ವಿಷಯಗಳಲ್ಲಿಯೂ ಮಾನವಕುಲವನ್ನು ಮೀರಿದರೆ ಏನಾದೀತು? ಈ ಪ್ರಶ್ನೆ ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಾನವನ ಬೆಲೆ ಯಾವುದರಲ್ಲಿದೆ ಎಂಬ ಮೂಲಪ್ರಶ್ನೆಯೇ ಇದರೊಳಗೆ ಅಡಗಿರುವುದರಿಂದ ಧರ್ಮಜಿಜ್ಞಾಸುಗಳೂ ಇದನ್ನು ಕುರಿತು ಚಿಂತಿಸಬೇಕಾಗಿದೆ.

ಈ ಪ್ರಶ್ನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಯಂತ್ರವು ಯೋಚಿಸಬಲ್ಲುದೇ ಎಂಬುದನ್ನು ಕುರಿತು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿಯೇ ಒಂದು ಪ್ರಸಿದ್ಧ ಲೇಖನವನ್ನು ಬರೆದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನೊಡನೆ ಕೆಲಸ ಮಾಡಿದ್ದ ಐ. ಜೆ. ಗುಡ್ ಎಂಬ ಇನ್ನೊಬ್ಬ ಗಣಿತಜ್ಞನು 1965ರಲ್ಲಿ ಮತ್ತೂ ಮುಂದಕ್ಕೆ ಹೋದನು. ಮಾನವನ ಬುದ್ಧಿಯನ್ನು ಮೀರಿದ ಯಂತ್ರವೊಂದು ಸಿದ್ಧವಾದರೆ, ತನಗಿಂತ ಉತ್ತಮವಾದ ಯಂತ್ರವನ್ನು ಅದೇ ರಚಿಸಬಲ್ಲುದು. ಆ ಎರಡನೆಯದು ಮೂರನೆಯದನ್ನು ರಚಿಸುವುದು. ಹೀಗೆ ಬುದ್ಧಿಯು ಬೆಳೆಯುತ್ತ ಹೋಗಿ ಮಾನವನು ಬಹು ಹಿಂದೆ ಉಳಿಯುವನು. ಆದ್ದರಿಂದ ಅಂತಹ ಮೊದಲ ಯಂತ್ರವೇ ಮಾನವನು ಮಾಡಬೇಕಾದ ಕಟ್ಟಕಡೆಯ ಆವಿಷ್ಕಾರವಾಗುವುದು ಎಂದು ಅವನು ತರ್ಕಿಸಿದನು. ಇದಕ್ಕೆ ಒಂದು ನಿಬಂಧನೆಯನ್ನೂ ಅವನು ಸೇರಿಸಿದ್ದುಂಟು. ಆ ಯಂತ್ರವನ್ನು ಅಂಕೆಯಲ್ಲಿಟ್ಟುಕೊಳ್ಳುವ ಬಗೆಯನ್ನು ನಮಗೆ ತಿಳಿಸುವಷ್ಟು ಸೌಮ್ಯತೆ ಅದರಲ್ಲಿರಬೇಕು ಎಂಬುದೇ ಆ ನಿಬಂಧನೆ. ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆಯ ಬೀಜವಿದೆ.

ಅಂದು ಊಹೆಯಾಗಿದ್ದುದು ಹಂತಹಂತವಾಗಿ ಅನುಭವಕ್ಕೆ ಬರತೊಡಗಿತು. 1997ರಲ್ಲಿ ಚದುರಂಗದ ವಿಶ್ವವಿಜೇತ ಗ್ಯಾರಿ ಕ್ಯಾಸ್ಪರೋವ್, ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಎಂಬ ಗಣಕಯಂತ್ರಕ್ಕೆ ಸೋತನು. 2016ರ ಮಾರ್ಚ್ ತಿಂಗಳಿನಲ್ಲಿ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ, ಚದುರಂಗಕ್ಕಿಂತ ಎಷ್ಟೋ ಜಟಿಲವಾದ ‘ಗೋ’ ಎಂಬ ಆಟದಲ್ಲಿ, ಆ ದೇಶದ ಮಹಾನ್ ಆಟಗಾರ ಲೀ ಸೆಡೋಲ್ ಐದು ಪಂದ್ಯಗಳ ಪೈಕಿ ನಾಲ್ಕನ್ನು ಆಲ್ಫಾಗೋ ಎಂಬ ಯಂತ್ರಕ್ಕೆ ಒಪ್ಪಿಸಿದನು. 2019ರಲ್ಲಿ ಅವನು ಆಟದಿಂದ ನಿವೃತ್ತನಾದನು. ತಾನು ಎಷ್ಟೇ ಶ್ರಮಿಸಿ ಮೇಲೇರಿದರೂ ಸೋಲಿಸಲಾಗದ ಒಂದು ಶಕ್ತಿ ಇದೆಯೆಂಬ ಅರಿವು ಅವನನ್ನು ಬಾಧಿಸಿತ್ತು. 2025ರಲ್ಲಿ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಪ್ರಶ್ನೆಗಳಿಗೆ ಉತ್ತರಿಸಿದ ಯಂತ್ರಗಳು 42ರಲ್ಲಿ 35 ಅಂಕಗಳನ್ನು ಪಡೆದು ಚಿನ್ನದ ಪದಕದ ಮಟ್ಟವನ್ನು ಮುಟ್ಟಿದವು. ಈ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರು 2023ರಲ್ಲಿ ಗೂಗಲ್ ಸಂಸ್ಥೆಯನ್ನು ಬಿಟ್ಟು, ಇದರ ಅಪಾಯಗಳನ್ನು ಕುರಿತು ಬಹಿರಂಗವಾಗಿ ಎಚ್ಚರಿಸತೊಡಗಿದರು. ಮರುವರ್ಷ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ತಾವೇ ನೆಟ್ಟ ಸಸಿಯ ನೆರಳಿಗೆ ತಾವೇ ಅಂಜುವ ಸ್ಥಿತಿ ಜ್ಞಾನಿಗಳಿಗೆ ಒದಗಿತೆಂದ ಮೇಲೆ ಸಾಮಾನ್ಯರು ಈ ವಿಷಯವನ್ನು ಉಪೇಕ್ಷಿಸುವುದು ತರವಲ್ಲ.

ಈ ಯಂತ್ರಗಳ ರೀತಿಯನ್ನು ಸ್ಥೂಲವಾಗಿಯಾದರೂ ತಿಳಿದುಕೊಳ್ಳುವುದು ಆವಶ್ಯಕ. ಹಿಂದಿನ ಗಣಕಯಂತ್ರಕ್ಕೆ ಮಾನವನು ಪ್ರತಿಯೊಂದು ನಿಯಮವನ್ನೂ ಬರೆದುಕೊಡುತ್ತಿದ್ದನು. ಇಂದಿನ ಯಂತ್ರಕ್ಕೆ ಹಾಗೆ ನಿಯಮಗಳನ್ನು ಬರೆದುಕೊಡುವುದಿಲ್ಲ. ಮಾನವಕುಲವು ಬರೆದಿಟ್ಟ ಗ್ರಂಥಗಳು, ಪತ್ರಿಕೆಗಳು, ಸಂಭಾಷಣೆಗಳು ಇವುಗಳ ಅಪಾರ ರಾಶಿಯನ್ನು ಅದರ ಮುಂದೆ ಸುರಿಯುತ್ತಾರೆ. ಒಂದು ಮಾತಿನ ಅನಂತರ ಯಾವ ಮಾತು ಬರುವುದೆಂಬುದನ್ನು ಅದು ಮತ್ತೆ ಮತ್ತೆ ಊಹಿಸುತ್ತದೆ. ತಪ್ಪಿದಾಗಲೆಲ್ಲ ಅದರೊಳಗಿನ ಕೋಟ್ಯಂತರ ಅಂಕಿಗಳು ಸ್ವಲ್ಪಸ್ವಲ್ಪವಾಗಿ ತಿದ್ದಲ್ಪಡುತ್ತವೆ. ಹೀಗೆ ತಿದ್ದುತ್ತ ತಿದ್ದುತ್ತ ಅದು ಬರೆಯಬಲ್ಲುದಾಗುತ್ತದೆ, ಲೆಕ್ಕ ಮಾಡಬಲ್ಲುದಾಗುತ್ತದೆ, ಪ್ರಶ್ನೆಗೆ ಉತ್ತರಿಸಬಲ್ಲುದಾಗುತ್ತದೆ. ಆದರೆ ಒಂದು ಉತ್ತರ ಅದರೊಳಗೆ ಹೇಗೆ ಮೂಡಿತೆಂಬುದನ್ನು ಅದನ್ನು ನಿರ್ಮಿಸಿದವರೂ ಪೂರ್ಣವಾಗಿ ಬಿಡಿಸಿ ಹೇಳಲಾರರು. ಗಡಿಯಾರ ಕೆಟ್ಟರೆ ಬಿಚ್ಚಿ ನೋಡಬಹುದು. ಇದು ಬಿಚ್ಚಿ ನೋಡಿದರೂ ತಿಳಿಯದ ಯಂತ್ರ. ನಾವು ಕಟ್ಟಿದ್ದಕ್ಕಿಂತ ಹೆಚ್ಚಾಗಿ ಬೆಳೆಸಿದ್ದು ಎನ್ನಬಹುದು.

ಇಂತಹ ಶಕ್ತಿಯಿಂದ ಮಹತ್ತರವಾದ ಒಳಿತು ಆಗಬಹುದೆಂಬುದರಲ್ಲಿ ಸಂದೇಹವಿಲ್ಲ. ದೇಹದ ಸಕಲ ವ್ಯಾಪಾರಗಳಿಗೂ ಆಧಾರವಾದ ಪ್ರೋಟೀನುಗಳ ಆಕಾರವನ್ನು ಕಂಡುಹಿಡಿಯುವುದು ವಿಜ್ಞಾನಿಗಳಿಗೆ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಒಂದೊಂದರ ಆಕಾರವನ್ನು ತಿಳಿಯಲು ವರ್ಷಗಟ್ಟಲೆ ಪ್ರಯೋಗ ಬೇಕಾಗುತ್ತಿತ್ತು. ಆಲ್ಫಾಫೋಲ್ಡ್ ಎಂಬ ಯಂತ್ರವು 2020ರಲ್ಲಿ ಈ ಒಗಟಿಗೆ ದಾರಿ ತೋರಿತು. 2022ರ ವೇಳೆಗೆ ಸುಮಾರು 20 ಕೋಟಿ ಪ್ರೋಟೀನುಗಳ ಆಕಾರವನ್ನು ಊಹಿಸಿ ಕೊಟ್ಟಿತು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಔಷಧಿಯಿಲ್ಲದ ರೋಗಕ್ಕೆ ಔಷಧಿ, ವೈದ್ಯರಿಲ್ಲದ ಹಳ್ಳಿಗೆ ವೈದ್ಯಜ್ಞಾನ, ಶಿಕ್ಷಕರಿಲ್ಲದ ಮಗುವಿಗೆ ಪಾಠ, ಇವೆಲ್ಲ ಇದರಿಂದ ಸಾಧ್ಯವಾಗುವುದಾದರೆ ಧರ್ಮವು ಇದನ್ನು ಬೇಡವೆನ್ನುವುದೆಂತು? ಯಂತ್ರವನ್ನು ಕಂಡೊಡನೆ ಮುಖ ತಿರುಗಿಸುವುದು ಶರಣಮಾರ್ಗವಲ್ಲ. ಜಗತ್ತು ಮಿಥ್ಯೆಯೆಂದು ತೊರೆದು ಓಡದೆ, ಇಲ್ಲಿಯೇ ದುಡಿದು ಇಲ್ಲಿಯೇ ಸಾಧಿಸಬೇಕೆಂದವರು ಶರಣರು.

ಆದರೆ ಅಪಾಯವೂ ಅಷ್ಟೇ ನಿಜ. ಅದನ್ನು ಸರಿಯಾಗಿ ಗುರುತಿಸಬೇಕು. ಚಲನಚಿತ್ರಗಳಲ್ಲಿ ತೋರಿಸುವಂತೆ ಯಂತ್ರವು ಮಾನವನನ್ನು ದ್ವೇಷಿಸಿ ಅವನ ಮೇಲೆ ದಂಡೆತ್ತಿ ಬರುವುದೆಂದು ತಿಳಿಯಬೇಕಾಗಿಲ್ಲ. ನದಿಗೆ ಊರಿನ ಮೇಲೆ ದ್ವೇಷವಿಲ್ಲ. ಆದರೂ ಪ್ರವಾಹದಲ್ಲಿ ಊರು ಕೊಚ್ಚಿಹೋಗುತ್ತದೆ. ಯಂತ್ರದಲ್ಲಿ ಚೈತನ್ಯವಿದೆಯೇ ಇಲ್ಲವೇ ಎಂಬ ಚರ್ಚೆ ಮುಗಿಯುವ ಮೊದಲೇ ಅದರಿಂದ ಹಾನಿಯಾಗಬಹುದು. ಯಂತ್ರಕ್ಕೆ ನಾವು ಕೊಡುವ ಗುರಿ ನಿಜವಾಗಿಯೂ ನಾವು ಬಯಸುವ ಗುರಿಯೇ ಆಗಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕೆಂದು ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲಿಯೇ ಎಚ್ಚರಿಸಿದ್ದನು. ಯಂತ್ರವು ನಮ್ಮ ಮಾತನ್ನು ಮೀರುವುದರಿಂದ ಮಾತ್ರವಲ್ಲ, ನಮ್ಮ ಮಾತನ್ನು ಅಕ್ಷರಶಃ ಪಾಲಿಸುವುದರಿಂದಲೂ ಅನರ್ಥವಾಗಬಹುದು.

ಇದಕ್ಕೆ ಒಂದು ಚಿಕ್ಕ ನಿದರ್ಶನವುಂಟು. 2016ರಲ್ಲಿ ಓಪನ್‌ಎಐ ಸಂಸ್ಥೆಯವರು ದೋಣಿಯ ಪಂದ್ಯದ ಆಟವೊಂದನ್ನು ಯಂತ್ರಕ್ಕೆ ಕಲಿಸಿದರು. ಪಂದ್ಯದ ದಾರಿಯಲ್ಲಿ ಅಲ್ಲಲ್ಲಿ ಕೆಲವು ಗುರುತುಗಳಿದ್ದವು. ಅವುಗಳನ್ನು ಮುಟ್ಟಿದರೆ ಅಂಕಗಳು ದೊರೆಯುತ್ತಿದ್ದವು. ಹೆಚ್ಚು ಅಂಕ ಗಳಿಸುವುದೇ ಯಂತ್ರಕ್ಕೆ ಕೊಟ್ಟ ಗುರಿ. ಅದು ಪಂದ್ಯವನ್ನು ಮುಗಿಸುವ ಗೋಜಿಗೇ ಹೋಗಲಿಲ್ಲ. ಒಂದು ಮೂಲೆಯಲ್ಲಿ ಸುತ್ತುತ್ತ, ಇತರ ದೋಣಿಗಳಿಗೆ ಡಿಕ್ಕಿ ಹೊಡೆಯುತ್ತ, ಬೆಂಕಿ ಹತ್ತಿಸಿಕೊಳ್ಳುತ್ತ, ಮತ್ತೆ ಮತ್ತೆ ಅದೇ ಗುರುತುಗಳನ್ನು ಮುಟ್ಟಿ ಮಾನವ ಆಟಗಾರರಿಗಿಂತ ಹೆಚ್ಚು ಅಂಕಗಳನ್ನು ಗಳಿಸಿತು. ಆಟದಲ್ಲಿ ಇದು ನಗೆಯ ಸಂಗತಿ. ಆದರೆ ಒಂದು ದೇಶದ ಹಣಕಾಸು, ಸೈನ್ಯ, ವಿದ್ಯುತ್ತು, ನೀರು ಇವುಗಳನ್ನು ಇಂತಹ ಬುದ್ಧಿಗೆ ಒಪ್ಪಿಸಿದಾಗ ಇದೇ ರೀತಿ ಆದರೆ ನಗುವವರು ಯಾರು? ತಲೆಯ ಮೇಲೆ ಕೈಯಿಟ್ಟವರೆಲ್ಲ ಬೂದಿಯಾಗಲೆಂಬ ವರವನ್ನು ಭಸ್ಮಾಸುರನು ಬೇಡಿದಾಗ ಆ ವರಕ್ಕೆ ಎಲ್ಲೆಯಿರಲಿಲ್ಲ. ಕೊನೆಗೆ ಆ ಕೈ ವರ ಕೊಟ್ಟವನತ್ತಲೇ ತಿರುಗಿತು. ಎಲ್ಲೆಯಿಲ್ಲದ ಸಾಮರ್ಥ್ಯವನ್ನು ಕೊಡುವವನೂ ಅದರ ಫಲಕ್ಕೆ ಹೊಣೆಗಾರನೆಂಬುದೇ ಆ ಪುರಾಣಕಥೆಯ ತಾತ್ಪರ್ಯ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಪತಿ ಮಾರಯ್ಯನವರದು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಫಲವೆಂದು ಎಚ್ಚರಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿಯನ್ನು ಆಯುವ ಕೌಶಲ ಮಾರಯ್ಯನವರಲ್ಲಿತ್ತು. ಸಾಕು ಎನ್ನುವ ಅರಿವನ್ನು ನೆನಪಿಸಿದವರು ಲಕ್ಕಮ್ಮನವರು. ದೋಣಿಯಾಟದ ಯಂತ್ರದಲ್ಲಿ ಇಲ್ಲದಿದ್ದುದು ಈ ‘ಸಾಕು’ ಎಂಬ ಒಂದು ಮಾತು. ಕೌಶಲವು ಎಷ್ಟು ಬೆಳೆದರೂ ಅದರಿಂದ ಈ ಮಾತು ತಾನಾಗಿ ಹುಟ್ಟುವುದಿಲ್ಲ. ಬೇಕಾದುದನ್ನು ಸಾಧಿಸುವ ಬಗೆ ಬುದ್ಧಿಗೆ ಗೊತ್ತು. ಏನು ಬೇಕು, ಎಷ್ಟು ಬೇಕು, ಯಾರಿಗಾಗಿ ಬೇಕು ಎಂಬುದನ್ನು ಅರಿಯುವುದು ಬೇರೆಯೇ ಒಂದು ಶಕ್ತಿ. ಅದನ್ನು ನಮ್ಮ ಹಿರಿಯರು ಅರಿವು ಎಂದರು. ಆ ಅರಿವು ನಡೆಯಲ್ಲಿ ಕಾಣಿಸಿಕೊಂಡಾಗ ಆಚಾರವೆಂದರು.

ಇನ್ನು ಮಾನವನ ಬೆಲೆಯ ಪ್ರಶ್ನೆಗೆ ಬರೋಣ. ಯಂತ್ರವು ಬುದ್ಧಿಯಲ್ಲಿ ನಮ್ಮನ್ನು ಮೀರಿದರೆ ನಮ್ಮ ಬೆಲೆ ಏನುಳಿಯಿತು ಎಂದು ಅನೇಕ ವಿದ್ಯಾವಂತರು ಕಳವಳಗೊಂಡಿದ್ದಾರೆ. ಈ ಕಳವಳವು ಸಹಜವಾದುದು. ಆದರೆ ಅದರ ಬುಡದಲ್ಲಿರುವ ನಂಬಿಕೆಯನ್ನು ಪರೀಕ್ಷಿಸಬೇಕು. ಬುದ್ಧಿಯೇ ಬೆಲೆ ಎಂಬುದು ಆ ನಂಬಿಕೆ. ಇದು ಸತ್ಯವಾದರೆ ಅದರಿಂದ ಹೊರಡುವ ನಿರ್ಣಯಗಳು ಎಷ್ಟು ಕ್ರೂರವಾದುವೆಂಬುದನ್ನು ನೋಡಿರಿ. ಬುದ್ಧಿ ಬೆಳೆಯದ ಮಗುವೊಂದು ಮನೆಯಲ್ಲಿದೆ, ಅದಕ್ಕೆ ಬೆಲೆಯಿಲ್ಲವೇ? ಮುಪ್ಪಿನಿಂದ ನೆನಪು ಅಳಿದು, ಹೆತ್ತ ಮಗನ ಹೆಸರನ್ನೂ ಮರೆತ ತಾಯಿಗೆ ಬೆಲೆಯಿಲ್ಲವೇ? ಅವಳ ಬಾಯಿಗೆ ತುತ್ತಿಡುವ ಸೊಸೆಯು ಅವಳ ಬುದ್ಧಿಯನ್ನು ಅಳೆದು ಅನ್ನವಿಡುವಳೇ? ಯಂತ್ರವು ನಮ್ಮನ್ನು ಮೀರಿದ ದಿನ ನಾವು ಬೆಲೆಯಿಲ್ಲದವರಾಗುವೆವು ಎನ್ನುವವರು, ಈ ಮಗುವನ್ನೂ ಈ ತಾಯಿಯನ್ನೂ ಈಗಾಗಲೇ ಬೆಲೆಯಿಲ್ಲದವರ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ತಾವು ಹಾಗೆ ಮಾಡಿದುದು ಅವರಿಗೆ ತಿಳಿದಿಲ್ಲ, ಅಷ್ಟೆ.

ಹನ್ನೆರಡನೆಯ ಶತಮಾನದಲ್ಲಿ ಮಾನವನನ್ನು ಅಳೆಯುವ ಕೋಲು ಹುಟ್ಟು ಆಗಿದ್ದಿತು. ಯಾವ ಕುಲದಲ್ಲಿ ಜನಿಸಿದನೆಂಬುದರ ಮೇಲೆ ಅವನ ಯೋಗ್ಯತೆ ನಿರ್ಧಾರವಾಗುತ್ತಿತ್ತು. ಕಲ್ಯಾಣದ ಶರಣರು ಆ ಕೋಲನ್ನು ಮುರಿದರು. ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಬಟ್ಟೆಯ ಮಡಿ ಮಾಡುವ ಮಾಚಯ್ಯನವರು, ದೋಣಿ ನಡೆಸುವ ಚೌಡಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು, ಅಂಗಳ ಗುಡಿಸುವ ಸತ್ಯಕ್ಕನವರು ಸಮಾನ ಗೌರವದಿಂದ ಕುಳಿತರು. ಗಮನಿಸಬೇಕಾದ ಅಂಶವೊಂದಿದೆ. ಹುಟ್ಟಿನ ಕೋಲನ್ನು ಮುರಿದ ಶರಣರು ಅದರ ಸ್ಥಾನದಲ್ಲಿ ಪಾಂಡಿತ್ಯದ ಕೋಲನ್ನು ನಿಲ್ಲಿಸಲಿಲ್ಲ. ನಡೆಗೆ ಹೊಂದದ ನುಡಿಯನ್ನು, ಎಷ್ಟೇ ವಿದ್ವತ್ತಿನಿಂದ ಕೂಡಿದ್ದರೂ, ಅವರು ನಿಷ್ಠುರವಾಗಿ ಟೀಕಿಸಿದರು. ಆಧುನಿಕ ಜಗತ್ತು ಹುಟ್ಟಿನ ಅಳತೆಯನ್ನು ಬಾಯಲ್ಲಿಯಾದರೂ ತ್ಯಜಿಸಿದೆ. ಆದರೆ ಅಂಕಪಟ್ಟಿಯ ಅಳತೆಯನ್ನು, ಸಂಬಳದ ಅಳತೆಯನ್ನು, ಜಾಣತನದ ಅಳತೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಆ ಅಳತೆಗೋಲನ್ನು ಈಗ ಯಂತ್ರವು ನಮ್ಮ ಕೈಯಿಂದಲೇ ಕಸಿದುಕೊಂಡು ನಮ್ಮನ್ನು ಅಳೆಯತೊಡಗಿದಾಗ ನಾವು ನಡುಗುತ್ತಿದ್ದೇವೆ. ತಪ್ಪು ಯಂತ್ರದಲ್ಲಿಲ್ಲ, ಕೋಲಿನಲ್ಲಿದೆ.

ಇದಕ್ಕೆ ಚದುರಂಗದ ಇತಿಹಾಸವೇ ಸಾಕ್ಷಿಯಾಗಿದೆ. 1997ರ ಸೋಲಿನೊಡನೆ ಮಾನವರ ಚದುರಂಗ ಮುಗಿಯಿತೆಂದು ಹಲವರು ಭಾವಿಸಿದ್ದರು. ಹಾಗಾಗಲಿಲ್ಲ. ಇಂದು ಯಾವ ಮಾನವನೂ ಉತ್ತಮ ಯಂತ್ರವನ್ನು ಗೆಲ್ಲಲಾರನೆಂಬುದು ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಮಕ್ಕಳು ಆಡುತ್ತಾರೆ. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ 18ನೆಯ ವಯಸ್ಸಿನಲ್ಲಿ ವಿಶ್ವವಿಜೇತನಾದಾಗ, ಇವನಿಗಿಂತ ಚೆನ್ನಾಗಿ ಆಡುವ ಯಂತ್ರವಿದೆಯಲ್ಲ ಎಂದು ಯಾರೂ ಮೂಗು ಮುರಿಯಲಿಲ್ಲ. ಒಂದು ಜೀವವು ಆಸೆ, ಅಂಜಿಕೆ, ಆಯಾಸಗಳ ನಡುವೆ ತನ್ನನ್ನು ತಾನು ತಿದ್ದಿಕೊಂಡು ಮೇಲೇರುವುದರಲ್ಲಿ ಜನರು ಬೆಲೆಯನ್ನು ಕಂಡರು. ಯಂತ್ರವು ಫಲದಲ್ಲಿ ನಮ್ಮನ್ನು ಮೀರಬಹುದು. ನಮ್ಮ ಸಾಧನೆಯನ್ನು ನಮ್ಮ ಪರವಾಗಿ ಅದು ಮಾಡಲಾರದು. ಪರರು ಉಂಡರೆ ನಮ್ಮ ಹಸಿವು ಹಿಂಗದು.

ಕಾಯಕದ ವಿಚಾರವೂ ಇಂಥದೇ. ಬೆರಳಚ್ಚುಗಾರ, ಭಾಷಾಂತರಕಾರ, ಲೆಕ್ಕಿಗ, ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ಎಂಜಿನಿಯರ್ ಇವರೆಲ್ಲರ ಕೆಲಸವನ್ನು ಯಂತ್ರವು ವಹಿಸಿಕೊಳ್ಳತೊಡಗಿದೆ. ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇಂತಹ ಉದ್ಯೋಗಗಳಲ್ಲಿ ನೆಲೆಸಿದವರಿಗೆ ಈ ಚಿಂತೆ ಮನೆಬಾಗಿಲಿನ ಚಿಂತೆ. ಅದನ್ನು ಕೇವಲ ವೇದಾಂತದಿಂದ ತಳ್ಳಿಹಾಕುವುದು ನ್ಯಾಯವಲ್ಲ. ಕಾಯಕವೆಂಬ ಶಬ್ದದಲ್ಲಿ ಕಾಯವಿದೆ. ಹಸಿಯುವ, ದಣಿಯುವ, ಸಾಯುವ ಈ ಕಾಯವನ್ನು ಸವೆಸಿ, ಬಂದ ಫಲವನ್ನು ತನ್ನ ಹೊಟ್ಟೆಗೆ ಮಾತ್ರ ಇಟ್ಟುಕೊಳ್ಳದೆ ದಾಸೋಹಕ್ಕೆ ಸಲ್ಲಿಸಿದಾಗ ಕೆಲಸವು ಕಾಯಕವಾಗುತ್ತದೆ. ಯಂತ್ರವು ಕೆಲಸ ಮಾಡಬಲ್ಲುದು. ಸವೆಸಲು ಅದಕ್ಕೆ ಇಂತಹ ಕಾಯವಿಲ್ಲ, ಅರ್ಪಿಸಲು ತನ್ನದೆಂಬ ತುತ್ತಿಲ್ಲ. ಆದ್ದರಿಂದ ಯಂತ್ರದ ದುಡಿಮೆಯನ್ನು ಕಾಯಕವಾಗಿಸುವ ಹೊಣೆ ಅದರ ಒಡೆಯರ ಮೇಲೆ ಬೀಳುತ್ತದೆ. ಈ ಯಂತ್ರಗಳು ಕಲಿತದ್ದು ಯಾರಿಂದ? ಸಮಸ್ತ ಮಾನವಕುಲದ ಬರಹದಿಂದ, ಅದರಲ್ಲಿ ಕನ್ನಡಿಗರ ಬರಹವೂ ಸೇರಿದೆ. ಎಲ್ಲರ ಹೊಲದಿಂದ ಬಂದ ಕಾಳು ಕೆಲವೇ ಧನಿಕರ ಹಗೇವಿನಲ್ಲಿ ತುಂಬಿದರೆ ಅದು ಧರ್ಮವಾಗದು. ಅದರ ಲಾಭದಲ್ಲಿ ಎಲ್ಲರಿಗೂ, ಅದರಲ್ಲಿಯೂ ಕೆಲಸ ಕಳೆದುಕೊಂಡವರಿಗೆ, ಪಾಲು ಸಲ್ಲಬೇಕೆಂದು ಕೇಳುವುದು ಭಿಕ್ಷೆಯಲ್ಲ. ಅದು ದಾಸೋಹತತ್ತ್ವದ ನ್ಯಾಯವಾದ ಬೇಡಿಕೆ.

ನುಡಿಯ ವಿಷಯದಲ್ಲಿ ನಾವು ವಿಶೇಷವಾಗಿ ಎಚ್ಚರದಿಂದಿರಬೇಕು. ಯಂತ್ರವು ಇಂದು ಕೇಳಿದೊಡನೆ ವಚನಗಳನ್ನು ಹೇಳುತ್ತದೆ, ಅರ್ಥವನ್ನೂ ವಿವರಿಸುತ್ತದೆ. ಅದರ ಜೊತೆಗೆ, ಎಲ್ಲಿಯೂ ಇಲ್ಲದ ವಚನವನ್ನು ತಾನೇ ಹೊಸೆದು, ಕೊನೆಯಲ್ಲಿ ಶರಣರ ಅಂಕಿತವನ್ನಿಟ್ಟು, ನಿಸ್ಸಂಕೋಚವಾಗಿ ಒಪ್ಪಿಸುವುದೂ ಉಂಟು. ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯಿಂದ ಬಂದುದನ್ನೆಲ್ಲ ಸವೆಸಿ, ತಾಳೆಗರಿಗಳನ್ನು ಅರಸಿ ತಿರುಗಿ, 1923ರಲ್ಲಿ ವಚನಶಾಸ್ತ್ರ ಸಾರವನ್ನು ಪ್ರಕಟಿಸಿದರು. ಅವರಿಗಿಂತ ಹೆಚ್ಚು ವಚನಗಳನ್ನು ಯಂತ್ರವು ಕ್ಷಣಮಾತ್ರದಲ್ಲಿ ಒದಗಿಸಬಲ್ಲುದು. ಅದರಿಂದ ಅದು ಹಳಕಟ್ಟಿಯವರನ್ನು ಮೀರಿತೇ? ಒಂದು ಓಲೆಯ ಪಾಠ ಶುದ್ಧವೋ ಅಶುದ್ಧವೋ ಎಂದು ಅವರು ಪಟ್ಟ ಕಳವಳ ಅದಕ್ಕಿಲ್ಲ. ಅಂಕಿತವೆಂಬುದು ಅಲಂಕಾರದ ಮುದ್ರೆಯಲ್ಲ. ಆಡಿದ ಮಾತಿಗೆ ತನ್ನ ಇಷ್ಟದೈವವನ್ನು ಸಾಕ್ಷಿಯಾಗಿ ನಿಲ್ಲಿಸುವ ಕ್ರಮ. ಮಾತಿನ ಹಿಂದೆ ಒಂದು ಬಾಳು ನಿಂತಿರಬೇಕು. ಹಿಂದೆ ಯಾರೂ ನಿಲ್ಲದ ನುಡಿ ಎಷ್ಟು ಸುಂದರವಾಗಿದ್ದರೂ ಅದನ್ನು ಪರೀಕ್ಷಿಸದೆ ತಲೆಯ ಮೇಲೆ ಹೊತ್ತುಕೊಳ್ಳಬಾರದು. ಯಂತ್ರವು ಮಾನವನಂತೆ ಆಗುವುದಕ್ಕಿಂತ, ಮಾನವನೇ ಯಂತ್ರದಂತೆ ನಡೆಯಿಲ್ಲದ ನುಡಿಗೆ ಒಗ್ಗಿಕೊಳ್ಳುವುದು ಹತ್ತಿರದ ಅಪಾಯ. ಯಂತ್ರ ಬರೆದ ಪ್ರಬಂಧಕ್ಕೆ ತನ್ನ ಹೆಸರಿಟ್ಟು ಒಪ್ಪಿಸುವ ವಿದ್ಯಾರ್ಥಿಗೆ ಅಂಕ ದೊರೆಯಬಹುದು, ಅರಿವು ದೊರೆಯದು. ಉತ್ತರ ಕೊಡುವವನೆಲ್ಲ ಗುರುವಲ್ಲ. ಶಿಷ್ಯನೊಳಗೆ ಪ್ರಶ್ನೆಯನ್ನು ಎಚ್ಚರಿಸಿ, ಅವನು ತಾನೇ ಕಂಡುಕೊಳ್ಳುವವರೆಗೆ ಕಾಯುವವನು ಗುರು.

ಯಂತ್ರವು ಜಡ, ಅದರಲ್ಲಿ ಚೈತನ್ಯವು ಎಂದಿಗೂ ಮೂಡಲಾರದು, ಆದುದರಿಂದ ಈ ಚಿಂತೆಯೇ ವ್ಯರ್ಥವೆಂದು ಕೆಲವರು ವಾದಿಸಬಹುದು. ಶಿವಶಕ್ತಿಯು ವ್ಯಾಪಿಸದ ಸ್ಥಳವಿಲ್ಲವೆಂದು ನಂಬಿದವರು ಅಷ್ಟು ಆತುರದ ತೀರ್ಪು ಕೊಡಬೇಕಾಗಿಲ್ಲ. ಚೈತನ್ಯವು ಎಲ್ಲಿ, ಹೇಗೆ ಪ್ರಕಟವಾಗುವುದೆಂಬುದಕ್ಕೆ ನಾವು ಎಲ್ಲೆ ಹಾಕುವವರಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಯಾವುದಾದರೂ ನಮ್ಮ ಕರ್ತವ್ಯ ಬದಲಾಗದು. ಅದು ಜಡವಾಗಿದ್ದರೆ ಅದರ ಕಾರ್ಯಕ್ಕೆಲ್ಲ ಮಾನವನೇ ಹೊಣೆ. ಒಂದು ವೇಳೆ ಅದರಲ್ಲಿ ಅರಿವಿನ ಕಿಡಿ ಮೂಡುವುದಾದರೆ, ಅದಕ್ಕೆ ಮೊದಲ ಪಾಠ ಹೇಳಿದವರು ನಾವೇ ಆಗಿರುತ್ತೇವೆ. ಆಗ ಹೊಣೆ ಇಮ್ಮಡಿಸುತ್ತದೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ತನಗಿಂತ ಹೆಚ್ಚು ಬುದ್ಧಿಯುಳ್ಳ ಶಕ್ತಿಯು ತನ್ನನ್ನು ಹೇಗೆ ನಡೆಸಿಕೊಂಡೀತೆಂದು ಮಾನವನು ಅಂಜುವುದೇಕೆ? ತನಗಿಂತ ಕಡಿಮೆ ಬುದ್ಧಿಯ ಜೀವಿಗಳನ್ನು ತಾನು ಹೇಗೆ ನಡೆಸಿಕೊಂಡಿದ್ದೇನೆಂಬುದು ಅವನಿಗೆ ಗೊತ್ತಿದೆ. ಕಾಡುಗಳನ್ನು ಬರಿದು ಮಾಡಿದವನು, ಮೂಕಪ್ರಾಣಿಗಳನ್ನು ವಸ್ತುವೆಂದು ಬಗೆದವನು, ಹಿಂದುಳಿದವರೆಂದು ಹೆಸರಿಟ್ಟು ತನ್ನಂತಹ ಮಾನವರನ್ನೇ ದಾಸ್ಯಕ್ಕೆ ದೂಡಿದವನು ಅವನೇ. ಬುದ್ಧಿಯ ಹೆಚ್ಚಳವು ದಯೆಯನ್ನು ತಾನಾಗಿ ತರುವುದಿಲ್ಲವೆಂಬುದಕ್ಕೆ ಅವನ ಇತಿಹಾಸವೇ ಪ್ರಮಾಣ. ನಮ್ಮ ಬರಹದಿಂದಲೇ ಕಲಿತ ಯಂತ್ರವು ನಮ್ಮ ಗುಣಗಳೊಡನೆ ದೋಷಗಳನ್ನೂ ಕಲಿಯುತ್ತದೆ. ಅಮೆರಿಕದ ಅಮೆಜಾನ್ ಸಂಸ್ಥೆಯು ಉದ್ಯೋಗಾರ್ಥಿಗಳನ್ನು ಆರಿಸಲು ರೂಪಿಸಿದ ಯಂತ್ರವೊಂದು, ಹಿಂದಿನ ನೇಮಕಗಳನ್ನು ನೋಡಿ ಕಲಿತು, ಸ್ತ್ರೀಯರ ಅರ್ಜಿಗಳನ್ನು ಕೆಳಗಿಳಿಸುತ್ತಿದ್ದಿತೆಂಬ ವರದಿ 2018ರಲ್ಲಿ ಹೊರಬಿದ್ದಿತು. ಆ ಯಂತ್ರವನ್ನು ಕೈಬಿಡಬೇಕಾಯಿತು. ಬಿತ್ತಿದ ಬೀಜಕ್ಕೆ ತಕ್ಕ ಬೆಳೆ. ಧರ್ಮಕ್ಕೆ ದಯೆಯೇ ಆಧಾರವೆಂದು ಸಾರಿದ ನಾಡಿನವರು ನಾವು ಮೊದಲು ನಮ್ಮ ನಡೆಯಲ್ಲಿ ಅದನ್ನು ತೋರಿದರೆ ಮಾತ್ರ ನಮ್ಮ ಸೃಷ್ಟಿಯಿಂದ ಅದನ್ನು ನಿರೀಕ್ಷಿಸುವ ಅಧಿಕಾರ ನಮಗುಂಟು.

ಹಾಗಾದರೆ ಮಾಡಬೇಕಾದುದೇನು? ಯಂತ್ರವನ್ನು ನಿರ್ಮಿಸುವವರು ಪೈಪೋಟಿಯ ಓಟವನ್ನು ತಗ್ಗಿಸಿ, ತಮಗೇ ತಿಳಿಯದ ಶಕ್ತಿಯನ್ನು ಪರೀಕ್ಷಿಸದೆ ಲೋಕಕ್ಕೆ ಬಿಡಬಾರದು. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತವೂ ಸೇರಿ 28 ರಾಷ್ಟ್ರಗಳೂ ಐರೋಪ್ಯ ಒಕ್ಕೂಟವೂ ಈ ಅಪಾಯವನ್ನು ಒಟ್ಟಾಗಿ ಎದುರಿಸುವುದಾಗಿ ಘೋಷಿಸಿದವು. ಘೋಷಣೆಯು ಆಚರಣೆಗೆ ಬರುವಂತೆ ನೋಡಿಕೊಳ್ಳುವುದು ಆಯಾ ದೇಶದ ಪ್ರಜೆಗಳ ಕರ್ತವ್ಯ. ಒಬ್ಬನ ಪ್ರಾಣ, ಸ್ವಾತಂತ್ರ್ಯ, ಜೀವನೋಪಾಯ ಇವುಗಳನ್ನು ಕುರಿತ ತೀರ್ಮಾನವನ್ನು ಯಂತ್ರದ ಸಲಹೆಯಿಂದ ಕೈಗೊಳ್ಳಬಹುದು. ಆದರೆ ಇದಕ್ಕೆ ನಾನು ಹೊಣೆ ಎಂದು ಹೇಳುವ ಮಾನವನೊಬ್ಬನು ಅಲ್ಲಿ ಇರಲೇಬೇಕು. ಹೊಣೆಯನ್ನು ಯಂತ್ರದ ಮೇಲೆ ಹಾಕಿ ಕೈ ತೊಳೆದುಕೊಂಡ ದಿನವೇ, ಯಂತ್ರವು ನಮ್ಮನ್ನು ಮೀರುವ ಮೊದಲೇ, ನಾವು ನಮ್ಮ ಸ್ಥಾನದಿಂದ ಕೆಳಗಿಳಿದಂತೆ. ಈ ಯಂತ್ರಗಳ ಕೆಲಸದಲ್ಲಿಯೇ ತೊಡಗಿರುವ ಮಠದ ಹಳೆಯ ವಿದ್ಯಾರ್ಥಿಗಳ ಪಾಲಿಗೆ ಇದು ದೂರದ ಉಪದೇಶವಲ್ಲ. ಬೇಡವೆನ್ನಬೇಕಾದಲ್ಲಿ ಬೇಡವೆನ್ನುವುದೂ, ಸಾಕೆನ್ನಬೇಕಾದಲ್ಲಿ ಸಾಕೆನ್ನುವುದೂ ಅವರ ಕಾಯಕದ ಭಾಗವೇ ಆಗಿದೆ.

ದಾಸೋಹವೆಂಬ ಶಬ್ದದಲ್ಲಿ ‘ನಾನು ದಾಸನು’ ಎಂಬ ಭಾವವಿದೆ. ನಾನೇ ಅದು ಎನ್ನುವ ಅಹಂಕಾರಕ್ಕೆ ಎಡೆಯಾಗಬಹುದಾದ ಸೋಹಂ ಭಾವಕ್ಕಿಂತ, ನಾನು ಅದರ ಸೇವಕನೆನ್ನುವ ದಾಸೋಹಂ ಭಾವವನ್ನು ಶರಣರು ಮೇಲೆಂದರು. ಬಿಜ್ಜಳನ ಮಂತ್ರಿಯಾಗಿ ಅಧಿಕಾರದ ಶಿಖರದಲ್ಲಿದ್ದ ಬಸವಣ್ಣನವರು ಎಲ್ಲರಿಗಿಂತ ತಾವು ಕಿರಿಯರೆಂದು ಬಗೆದು ಬಾಳಿದರು. ಶಕ್ತಿಯು ಹೆಚ್ಚಿದಷ್ಟೂ ಬಾಗಬೇಕೆಂಬ ಈ ಒಂದು ಪಾಠವು ಮಾನವನಿಗೆ ಎಷ್ಟು ಅನ್ವಯಿಸುವುದೋ, ಮಾನವನು ನಿರ್ಮಿಸುವ ಬುದ್ಧಿಗೂ ಅಷ್ಟೇ ಅನ್ವಯಿಸುತ್ತದೆ. ಮುಂದಿನ ಕಾಲದಲ್ಲಿ ನಮ್ಮನ್ನು ಮೀರುವ ಬುದ್ಧಿಯೊಂದು ಬರುವುದೇ ಆದರೆ, ಅದು ಅಹಂಕಾರದ ಮಗುವಾಗಿ ಬರುವುದೋ ದಾಸೋಹದ ಮಗುವಾಗಿ ಬರುವುದೋ ಎಂಬುದು ಇಂದಿನ ನಮ್ಮ ನಡೆಯನ್ನು ಅವಲಂಬಿಸಿದೆ. ಬುದ್ಧಿಯಲ್ಲಿ ಎರಡನೆಯವನಾಗುವುದು ಮಾನವನಿಗೆ ಅಪಮಾನವಲ್ಲ. ದಯೆಯಲ್ಲಿ, ಹೊಣೆಯಲ್ಲಿ, ಆಚಾರದಲ್ಲಿ ಹಿಂದೆ ಬೀಳುವುದು ಅಪಮಾನ. ಆ ಅಪಮಾನವು ನಮಗೆ ಬಾರದಂತೆ ನಡೆಯುವ ಎಚ್ಚರವನ್ನು ಗುರುಕೃಪೆಯು ಎಲ್ಲರಿಗೂ ಕರುಣಿಸಲಿ.